ಕೊಡಗಿನಲ್ಲಿ ಕೌಟುಂಬಿಕ ಹಿಂಸೆಗೆ ಒಳಗಾದ ಸಂತ್ರಸ್ತ ಮಹಿಳೆಯರ ಪರ ಸಂಘಟನೆಗೆ ದೇಣಿಗೆ ನೀಡುವ ಬಗೆ

ಮೊದಲಿಗೆ ಸಂಘಟನೆಯ ನೋಂದಣಿ ಪತ್ರ, ಕಳೆದ ಮೂರು ವರ್ಷಗಳ ಲೆಕ್ಕಪರಿಶೋಧನಾ ವರದಿ ಮತ್ತು ಸಂಘದ ಹೆಸರಿನಲ್ಲೇ ಇರುವ ಬ್ಯಾಂಕ್ ಖಾತೆಯ ವಿವರವನ್ನು ಕೇಳಿ ಪಡೆಯಿರಿ. ಕಂಪನಿಯೊಂದರ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ಹಣವನ್ನು ಸಂಘಟನೆಯ ಮೂಲಕ ವೆಚ್ಚ ಮಾಡುವುದಾದರೆ, 2021ರ ಏಪ್ರಿಲ್‌ನಿಂದ ಕಂಪನಿ ವ್ಯವಹಾರಗಳ ಸಚಿವಾಲಯದಲ್ಲಿ ಸಂಘಟನೆಯ ಸಿಎಸ್‌ಆರ್-1 ನೋಂದಣಿಯೂ ಕಡ್ಡಾಯ.

ಹಣ ಯಾವುದಕ್ಕೆ ಎಂಬುದೇ ಮುಖ್ಯ ಪ್ರಶ್ನೆ. ದಾನಿಗಳು ಸಾಮಾನ್ಯವಾಗಿ ಹೊಲಿಗೆ ಯಂತ್ರವನ್ನೋ ಫಲಕ ಹಾಕಬಹುದಾದ ಕಟ್ಟಡವನ್ನೋ ಬಯಸುತ್ತಾರೆ. ಆದರೆ ಕಾಫಿ ತೋಟದ ಲೈನ್‌ಮನೆಯಿಂದ (ಕಾರ್ಮಿಕರ ಸಾಲುಮನೆ) ರಾತ್ರೋರಾತ್ರಿ ಮಕ್ಕಳೊಂದಿಗೆ ಹೊರಬಿದ್ದ ಕಾರ್ಮಿಕ ಮಹಿಳೆಗೆ ಆ ಹೊತ್ತಿಗೆ ಬೇಕಾಗುವುದು ಮಡಿಕೇರಿಯವರೆಗಿನ ಜೀಪಿನ ಬಾಡಿಗೆ, ಬದಲಿ ಬಟ್ಟೆ ಮತ್ತು ಕರೆದಾಗ ಫೋನ್ ಎತ್ತುವ ಒಬ್ಬ ಆಪ್ತಸಮಾಲೋಚಕಿ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಡಿ ಪ್ರಕರಣ ದಾಖಲಾದ ಮೇಲೆ ನ್ಯಾಯಾಲಯಕ್ಕೆ ಹಲವು ಬಾರಿ ಅಲೆಯಬೇಕಾಗುತ್ತದೆ, ಹೋದ ದಿನದ ಕೂಲಿಯೂ ಕೈತಪ್ಪುತ್ತದೆ. ಆದ್ದರಿಂದ ಸಿಬ್ಬಂದಿ ಸಂಬಳ ಹಾಗೂ ಪ್ರಯಾಣ ವೆಚ್ಚಕ್ಕೆ, ಷರತ್ತಿಲ್ಲದೆ, ಕನಿಷ್ಠ ಎರಡು ವರ್ಷ ಕೊಡುವುದು ಒಳಿತು. ಮಳೆಗಾಲದಲ್ಲಿ ರಸ್ತೆ ಕುಸಿದು ವೆಚ್ಚ ಏರುವುದರಿಂದ ಮೊದಲ ಕಂತನ್ನು ಮೇ ತಿಂಗಳೊಳಗೆ ತಲುಪಿಸಿ.

ವರದಿಯಲ್ಲಿ ಸಂತ್ರಸ್ತೆಯರ ಹೆಸರು, ಫೋಟೊ, ತೋಟದ ಹೆಸರು ಕೇಳಲೇಬೇಡಿ. ಎಲ್ಲರಿಗೂ ಎಲ್ಲರ ಪರಿಚಯವಿರುವ ಜಿಲ್ಲೆಯಲ್ಲಿ ಊರಿನ ಹೆಸರೊಂದೇ ಗುರುತು ಬಿಟ್ಟುಕೊಡುತ್ತದೆ (ದೇಣಿಗೆ ಕೊಟ್ಟವರೇ ಆರೋಪಿಯ ನೆಂಟರಾಗಿರುವುದೂ ಅಸಂಭವವಲ್ಲ). ಎಷ್ಟು ಮಂದಿಗೆ, ಯಾವ ಬಗೆಯ ನೆರವು ಎಂಬ ಅಂಕಿಅಂಶವಷ್ಟೇ ಸಾಕು.

ವಿದೇಶದಲ್ಲಿರುವ ಬಂಧುಗಳು ಭಾರತೀಯ ಪೌರರಾಗಿದ್ದು ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳುಹಿಸಿದರೆ ಅದು ವಿದೇಶಿ ದೇಣಿಗೆ ಎನಿಸುವುದಿಲ್ಲ. ಬೇರೆ ದೇಶದ ಪೌರತ್ವ ಪಡೆದವರಿಂದ ಹಣ ಸ್ವೀಕರಿಸಲು ಸಂಘಟನೆಗೆ 2010ರ ವಿದೇಶಿ ದೇಣಿಗೆ ಕಾಯ್ದೆಯ ಅನುಮತಿ ಇರಲೇಬೇಕು.