ಕುದುರೆ ಮಸಾಲೆ ಬಿತ್ತುವ ಮುನ್ನ ಬೀಜೋಪಚಾರ

ಯಲಹಂಕ, ಹೆಸರಘಟ್ಟದ ಕಡೆ ಮನೆ ಹಾಲಿಗೆಂದು ಒಂದೆರಡು ಹಸು ಕಟ್ಟಿಕೊಂಡಿರುವ ಹೆಣ್ಣುಮಕ್ಕಳಿಗೆ ಈ ಮಾತು. ಮಳೆಗಾಲ ಕಳೆದ ಮೇಲೆ ಹಸುವಿನ ಮೇವಿಗೆಂದು ಕುದುರೆ ಮಸಾಲೆ (ಲೂಸರ್ನ್) ಬಿತ್ತುತ್ತೀರಲ್ಲ, ಬೀಜವನ್ನು ಬರಿಗೈಯಲ್ಲಿ ಮಣ್ಣಿಗೆ ಕಳಿಸಬೇಡಿರಮ್ಮ. ಗಾಳಿಯಲ್ಲಿರುವ ಸಾರಜನಕವನ್ನು ಗಿಡ ತಾನೇ ಹೀರಲಾರದು. ಬೇರಿನ ಗಂಟಿನೊಳಗೆ ನೆಲೆಸುವ ರೈಜೋಬಿಯಂ ಎಂಬ ಸೂಕ್ಷ್ಮಾಣು ಅದನ್ನು ಹಿಡಿದು ಕೊಡಬೇಕು. ಅಲಸಂದೆ, ಹುರುಳಿ, ಅವರೆಗೆ ಒಗ್ಗುವ ಬಗೆ ನಮ್ಮ ಕೆಂಪು ಮಣ್ಣಿನಲ್ಲಿ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಕುದುರೆ ಮಸಾಲೆಗೆ ಅದು ಆಗಿಬರುವುದಿಲ್ಲ, ಬೇರೆಯದೇ ಬೇಕು. ಮೆಂತ್ಯಕ್ಕೂ ಇದಕ್ಕೂ ಮಾತ್ರ ಒಂದೇ ಬಗೆ. ಆದ್ದರಿಂದ ಬೀಜಕ್ಕೆ ಲೇಪಿಸುವ ರೈಜೋಬಿಯಂ ಪುಡಿಯ ಪೊಟ್ಟಣ ಕೊಳ್ಳುವಾಗ ಬೆಳೆಯ ಹೆಸರು ಹೇಳಿಯೇ ಕೇಳಿ, ಅವಧಿ ಮುಗಿದಿಲ್ಲವೆಂದು ನೋಡಿ ತನ್ನಿ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ವಿಚಾರಿಸಿದರೆ ದಾರಿ ತೋರಿಸುತ್ತಾರೆ.

ಹತ್ತು ಕಿಲೋ ಬೀಜಕ್ಕೆ 200 ಗ್ರಾಂನ ಒಂದು ಪೊಟ್ಟಣ ಸಾಕು. ಅರ್ಧ ಲೀಟರ್ ನೀರಿಗೆ 50 ಗ್ರಾಂ ಬೆಲ್ಲ ಹಾಕಿ ಕುದಿಸಿ, ಪೂರ್ತಿ ತಣ್ಣಗಾಗಲು ಬಿಡಿ. ಅವಸರಪಟ್ಟು ಬಿಸಿ ಪಾಕಕ್ಕೆ ಪುಡಿ ಸುರಿದರೆ ಒಳಗಿರುವ ಜೀವ ಬೆಂದುಹೋಗುತ್ತದೆ, ಕೊಟ್ಟ ಹಣವೂ ದಂಡ. ತಣಿದ ಪಾಕದಲ್ಲಿ ಪುಡಿ ಕಲಸಿ, ಬೀಜದ ಮೇಲೆ ಸ್ವಲ್ಪ ಸ್ವಲ್ಪವೇ ಚಿಮುಕಿಸುತ್ತಾ ಅಂಗೈಯಿಂದ ಹಗುರವಾಗಿ ಹೊರಳಿಸಿ. ಇದು ಸಾಸಿವೆಯಷ್ಟೇ ಸಣ್ಣ ಬೀಜ, ಪಾಕ ಹೆಚ್ಚಾದರೆ ಮುದ್ದೆಯಾಗಿ ಕೂರುತ್ತದೆ. ಪ್ರತಿ ಕಾಳಿಗೂ ಕಪ್ಪು ಲೇಪ ಹತ್ತಿದರೆ ಸಾಕು, ಹಾಕದೆ ಉಳಿದ ಪಾಕದ ಬಗ್ಗೆ ಚಿಂತೆ ಬೇಡ. ನೆರಳಿನಲ್ಲಿ ಹಳೆಯ ಗೋಣಿಯ ಮೇಲೆ ಹರಡಿ ಆರಿಸಿ. ತಾರಸಿಯ ಬಿಸಿಲಿಗಂತೂ ಖಂಡಿತ ಇಡಬೇಡಿ. ಅದೇ ದಿನ, ಸಂಜೆ ತಂಪಿನಲ್ಲಿ, ತೇವವಿರುವ ಮಡಿಗೆ ಬಿತ್ತಿ ಮೇಲೆ ತೆಳುವಾಗಿ ಮಣ್ಣು ಎಳೆಯಿರಿ.

ಉಪಚರಿಸಿದ ಬೀಜವನ್ನು ರಾಸಾಯನಿಕ ಗೊಬ್ಬರದ ಜೊತೆ ಒಂದೇ ಬುಟ್ಟಿಯಲ್ಲಿ ಬೆರೆಸಬೇಡಿ. ಯೂರಿಯಾ ಧಾರಾಳವಾಗಿ ಕೊಟ್ಟರೂ ಬೇರು ಗಂಟು ಕಟ್ಟುವುದನ್ನೇ ಬಿಡುತ್ತದೆ, ಪುಕ್ಕಟೆ ಸಿಗುತ್ತಿರುವಾಗ ಅದಕ್ಕೇಕೆ ಶ್ರಮ! ಮಣ್ಣು ಹುಳಿಯಾಗಿದ್ದರೆ ಈ ಸೂಕ್ಷ್ಮಾಣು ಬದುಕುವುದು ಕಷ್ಟ. ಮೊದಲೇ ಮಣ್ಣು ಪರೀಕ್ಷೆ ಮಾಡಿಸಿ, ಹೇಳಿದಷ್ಟು ಸುಣ್ಣವನ್ನು ಬಿತ್ತನೆಗೆ ಮುಂಚೆಯೇ ಸೇರಿಸಿ.

ಆರು ವಾರ ಕಳೆದ ಮೇಲೆ ಒಂದೆರಡು ಗಿಡಗಳನ್ನು ಸಲಿಕೆಯಿಂದ ಮಣ್ಣಿನ ಸಮೇತ ಎತ್ತಿ. ಕಿತ್ತರೆ ಗಂಟುಗಳು ಮಣ್ಣಿನಲ್ಲೇ ಉಳಿಯುತ್ತವೆ. ನೀರಿನಲ್ಲಿ ಅಲುಗಿಸಿ ತೊಳೆದು ಒಂದು ಗಂಟನ್ನು ಉಗುರಿನಿಂದ ಸೀಳಿ. ಒಳಗೆ ಗುಲಾಬಿ ಬಣ್ಣವಿದ್ದರೆ ಕೆಲಸ ನಡೆಯುತ್ತಿದೆ. ಬೆಳ್ಳಗೋ ಹಸಿರಾಗಿಯೋ ಇದ್ದರೆ ಅಥವಾ ಗಂಟೇ ಕಾಣದಿದ್ದರೆ, ಮುಂದಿನ ಮಡಿಗೆ ಹೊಸ ಪೊಟ್ಟಣ ತನ್ನಿ.