ಹಳೆಯ ಟ್ರ್ಯಾಕ್ಟರ್ ಇಂಜಿನ್‌ಗೆ ಕಿಟ್ ಆರಿಸಿದ ಬಗೆ

ಪುಣೆ ಬಳಿಯ ಭೋಸರಿಯ ಕಾರ್ಖಾನೆಯೊಂದರಲ್ಲಿ ಯಂತ್ರಭಾಗಗಳ ಅಳತೆ ಪರೀಕ್ಷಿಸುವುದು ನನ್ನ ನೌಕರಿ. ಉರುಳಿ ಕಾಂಚನದ ಬಳಿ ಕಬ್ಬು ಬೆಳೆಯುವ ನಮ್ಮ ಸೋದರಮಾವನ ಹಳೆಯ ಮ್ಯಾಸಿ ಫರ್ಗ್ಯೂಸನ್ ಟ್ರ್ಯಾಕ್ಟರ್ ನೀಲಿ ಹೊಗೆ ಬಿಡುತ್ತ, ಆಯಿಲ್ ಕುಡಿಯುತ್ತ, ಚಳಿಗಾಲದ ಬೆಳಗ್ಗೆ ಸ್ಟಾರ್ಟ್ ಆಗಲು ಸತಾಯಿಸತೊಡಗಿದಾಗ ಇಂಜಿನ್ ಬಿಚ್ಚಲೇಬೇಕಾಯಿತು. ಬಿಚ್ಚುವ ಕೆಲಸ ಊರಿನ ಮೆಕ್ಯಾನಿಕ್‌ನದು, ಸಾಮಾನು ಆರಿಸುವ ಹೊಣೆ ನನ್ನದು ಎಂದು ಹಂಚಿಕೊಂಡೆವು.

ಸವೆದ ಇಂಜಿನ್ನಿಗೆ ಹಾಕುವ ಹೊಸ ಭಾಗಗಳನ್ನು ಒಟ್ಟಿಗೆ ಸೇರಿಸಿ ಕಿಟ್ ಎಂಬ ಹೆಸರಿನಲ್ಲಿ ಮಾರುವ ಡಬ್ಬಿಯೊಳಗೆ ಏನಿರಬೇಕೆಂಬುದಕ್ಕೆ ಕಟ್ಟುನಿಟ್ಟಾದ ನಿಯಮವಿಲ್ಲ. ಒಬ್ಬ ವ್ಯಾಪಾರಿಯ ಪ್ರಕಾರ ಲೈನರ್ (ಪಿಸ್ಟನ್ ಓಡಾಡುವ ಸಿಲಿಂಡರಿನ ಒಳಕೊಳವೆ), ಪಿಸ್ಟನ್, ರಿಂಗ್, ಗಜನ್ ಪಿನ್ (ಪಿಸ್ಟನ್ನನ್ನು ಕನೆಕ್ಟಿಂಗ್ ರಾಡಿಗೆ ಜೋಡಿಸುವ ಪಿನ್) ಮತ್ತು ಲಾಕ್‌ಗಳಷ್ಟೇ ಕಿಟ್. ಇನ್ನೊಬ್ಬನ ಪ್ರಕಾರ ಮೇನ್ ಹಾಗೂ ಬಿಗ್ ಎಂಡ್ ಬೇರಿಂಗ್, ಗ್ಯಾಸ್ಕೆಟ್ ಸೆಟ್, ವಾಲ್ವ್, ಗೈಡ್ ಎಲ್ಲವೂ ಸೇರಿ ಕಿಟ್. ಮೆಕ್ಯಾನಿಕ್‌ಗಳು ಹಾಫ್ ಇಂಜಿನ್, ಫುಲ್ ಇಂಜಿನ್ ಎಂದು ಕೆಲಸವನ್ನು ಎರಡಾಗಿ ವಿಂಗಡಿಸುತ್ತಾರೆ: ಪಿಸ್ಟನ್‌ಗಳ ಏರಿಳಿತದಿಂದ ತಿರುಗುವ ದಂಡವಾದ ಕ್ರ್ಯಾಂಕ್ ಮುಟ್ಟದೆ ಮೇಲಿನ ಭಾಗ ಮಾತ್ರ ಮಾಡುವುದು ಹಾಫ್, ಕ್ರ್ಯಾಂಕ್ ಇಳಿಸಿ ಎಲ್ಲವನ್ನೂ ಮಾಡುವುದು ಫುಲ್. ಮಾವನಿಗೆ ದೊಡ್ಡ ಡಬ್ಬಿಯ ಮೇಲೆ ಮನಸ್ಸಿತ್ತು. “ಎಲ್ಲಾ ಒಂದ ಡಬ್ಬಿದಾಗ ಬಂದ್ರ ಛಲೋ ಅಲ್ಲೇನೋ ತಮ್ಮಾ?” ಎಂದು ಕೇಳಿದ. ಅಳತೆ ತೆಗೆಯುವವರೆಗೆ ಏನನ್ನೂ ಕೊಳ್ಳುವುದು ಬೇಡವೆಂದು ಅವನನ್ನು ತಡೆದೆ.

ಮೊದಲು ಬ್ಲಾಕ್ ಮೇಲಿನ ಇಂಜಿನ್ ನಂಬರ್ ಒರೆಸಿ ಬರೆದುಕೊಂಡೆ. ಬಾನೆಟ್ ಮೇಲಿನ ಮಾಡೆಲ್ ಹೆಸರನ್ನು ನಂಬಿ ಸಾಮಾನು ತರುವುದು ಹಳೆಯ ಟ್ರ್ಯಾಕ್ಟರಿನಲ್ಲಿ ಅಪಾಯ, ಏಕೆಂದರೆ ನಡುವೆ ಎಂದೋ ಇಂಜಿನ್ನೇ ಬದಲಾಗಿರಬಹುದು. ನಮ್ಮದು ಪರ್ಕಿನ್ಸ್ ವಿನ್ಯಾಸದ ಮೂರು ಸಿಲಿಂಡರಿನ ಇಂಜಿನ್. ಆ ಮನೆತನದ 3.152 ಎಂಬ ಹೆಸರಿನಲ್ಲಿ 3 ಎಂದರೆ ಸಿಲಿಂಡರ್‌ಗಳ ಸಂಖ್ಯೆ, 152 ಎಂದರೆ ಘನ ಇಂಚಿನಲ್ಲಿ ಅದರ ಗಾತ್ರ, ಬೋರ್ (ಸಿಲಿಂಡರಿನ ಒಳವ್ಯಾಸ) 3.6 ಇಂಚು, ಅಂದರೆ 91.44 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಸರಿಯುವ ದೂರ) 5 ಇಂಚು. ನಾಲ್ಕು ಸಿಲಿಂಡರಿನ 4.203ರ ಬೋರ್ ಕೂಡ ಇಷ್ಟೇ ಇರುವುದರಿಂದ, ಬೋರ್ ಹೊಂದಿತೆಂಬ ಒಂದೇ ಕಾರಣಕ್ಕೆ ಪಿಸ್ಟನ್ ಹೊಂದುತ್ತದೆ ಎನ್ನಲಾಗದು.

ಹೆಡ್ ಇಳಿಸಿದಾಗ ಲೈನರಿನ ಮೇಲ್ತುದಿಯಲ್ಲಿ ಬೆರಳುಗುರಿಗೆ ಸಿಗುವಂಥ ಏಣು ಇತ್ತು. ಮೇಲಿನ ರಿಂಗ್ ತಲುಪದ ಜಾಗ ಮೂಲ ಅಳತೆಯಲ್ಲೇ ಉಳಿದು, ಅದರ ಕೆಳಗೆ ಸವೆದಾಗ ಇಂಥ ಏಣು ಮೂಡುತ್ತದೆ. ಬೋರ್ ಗೇಜನ್ನು ಪ್ರತಿ ಸಿಲಿಂಡರಿನ ಮೇಲೆ, ನಡುವೆ, ಕೆಳಗೆ ಇಳಿಸಿ, ಕ್ರ್ಯಾಂಕಿಗೆ ಉದ್ದವಾಗಿಯೂ ಅಡ್ಡವಾಗಿಯೂ ಅಳೆದು ಬರೆದುಕೊಂಡೆ. ಮೇಲ್ಭಾಗದಲ್ಲಿ 0.25 ಮಿ.ಮೀ. ದಾಟಿದ ಸವೆತವಿತ್ತು, ಬರೀ ರಿಂಗ್ ಹಾಕಿ ಮುಗಿಸುವ ಆಸೆ ಅಲ್ಲಿಗೆ ಬಿಡಬೇಕಾಯಿತು. ದುಂಡಗಿರದ ಬೋರಿನಲ್ಲಿ ಹೊಸ ರಿಂಗ್ ಸುತ್ತಲೂ ಒತ್ತಿ ಕೂರುವುದಿಲ್ಲ.

ಕ್ರ್ಯಾಂಕಿನ ಕಥೆ ಬೇರೆಯಾಗಿತ್ತು. ಕನೆಕ್ಟಿಂಗ್ ರಾಡ್ ಕ್ರ್ಯಾಂಕನ್ನು ಹಿಡಿಯುವ ತುದಿಯ, ಅಂದರೆ ಬಿಗ್ ಎಂಡಿನ, ಕ್ಯಾಪ್ ಬಿಚ್ಚಿ ಬೇರಿಂಗ್ ಚಿಪ್ಪನ್ನು ಮಗುಚಿ, ಬೆನ್ನಿನ ಮೇಲಿನ ಕರಿಯನ್ನು ಡೀಸೆಲ್ ಬಟ್ಟೆಯಿಂದ ಒರೆಸಿದಾಗ 010 ಎಂಬ ಅಂಕಿ ಕಂಡಿತು. ಹಿಂದೊಮ್ಮೆ ಕ್ರ್ಯಾಂಕನ್ನು ಇಂಚಿನ ಸಾವಿರ ಭಾಗಗಳಲ್ಲಿ ಹತ್ತರಷ್ಟು, ಅಂದರೆ 0.25 ಮಿ.ಮೀ., ಗ್ರೈಂಡ್ ಮಾಡಿಸಲಾಗಿತ್ತು ಎಂಬುದಕ್ಕೆ ಅದು ಪುರಾವೆ. ಮಾವ ಮೆಚ್ಚಿದ್ದ ದೊಡ್ಡ ಡಬ್ಬಿಯಲ್ಲಿದ್ದುದು ಸ್ಟ್ಯಾಂಡರ್ಡ್ ಬೇರಿಂಗ್. ಅದನ್ನು ತಂದಿದ್ದರೆ ಈ ಜರ್ನಲ್‌ಗಳ, ಅಂದರೆ ಕ್ರ್ಯಾಂಕಿನಲ್ಲಿ ಬೇರಿಂಗ್ ಕೂರುವ ದುಂಡು ಭಾಗಗಳ, ಮೇಲೆ ಸಡಿಲವಾಗಿ ಕೂತು ಆಯಿಲ್ ಪ್ರೆಶರ್ ನಿಲ್ಲುತ್ತಲೇ ಇರಲಿಲ್ಲ. ಮೈಕ್ರೋಮೀಟರಿನಲ್ಲಿ ಜರ್ನಲ್‌ಗಳು ದುಂಡಗೂ ಒಂದೇ ಅಳತೆಯಲ್ಲೂ ಇದ್ದುದರಿಂದ ಇನ್ನೊಮ್ಮೆ ಗ್ರೈಂಡ್ ಮಾಡಿಸದೆ, ಪಾಲಿಶ್ ಮಾಡಿಸಿ, ಅದೇ 010 ಅಳತೆಯ ಹೊಸ ಬೇರಿಂಗ್ ಹಾಕುವುದೆಂದು ನಿರ್ಧರಿಸಿದೆ. ಗ್ರೈಂಡ್ ಮಾಡಿದ ಕ್ರ್ಯಾಂಕಿಗೆ ಹೊಂದುವ ಅಂಡರ್‌ಸೈಜ್ ಬೇರಿಂಗ್ 10, 20, 30 ಎಂದು ಮೆಟ್ಟಿಲು ಮೆಟ್ಟಿಲಾಗಿ ಸಿಗುತ್ತದೆ. ಕಾರಣವಿಲ್ಲದೆ ಒಂದು ಮೆಟ್ಟಿಲು ಇಳಿದರೆ ಕ್ರ್ಯಾಂಕಿನ ಆಯುಷ್ಯವನ್ನು ನಾವೇ ಕಡಿಮೆ ಮಾಡಿದಂತೆ.

ಲೈನರಿನ ಆಯ್ಕೆಗೆ ಹೆಚ್ಚು ಯೋಚನೆ ಬೇಕಾಯಿತು. ಎಚ್‌ಎಂಟಿ ಟ್ರ್ಯಾಕ್ಟರ್‌ಗಳ ಜೆಟರ್ ಮೂಲದ ಇಂಜಿನ್‌ಗಳಲ್ಲಿರುವುದು ವೆಟ್ ಲೈನರ್. ಅದರ ಹೊರಮೈಗೆ ನೀರು ತಾಗುತ್ತದೆ, ಹಳೆಯದನ್ನು ಎಳೆದು ರಬ್ಬರ್ ರಿಂಗ್ ಸಹಿತ ಹೊಸದನ್ನು ಇಳಿಸಿ, ಅದರ ಅಂಚು ಬ್ಲಾಕಿಗಿಂತ ಎಷ್ಟು ಮೇಲೆ ನಿಂತಿದೆ ಎಂದು ನೋಡಿದರಾಯಿತು. ನಮ್ಮದು ಬ್ಲಾಕಿಗೆ ಅಪ್ಪಿಕೊಂಡು ಕೂರುವ ಡ್ರೈ ಲೈನರ್. ಇದರಲ್ಲಿ ಒಳಮೈ ಮುಗಿಸಿ ಕೊಡುವ ಫಿನಿಶ್ಡ್, ಪ್ರೆಸ್ ಮಾಡಿದ ಮೇಲೆ ಬೋರಿಂಗ್ (ಕೊರೆದು ಅಳತೆಗೆ ತರುವುದು), ಹೋನಿಂಗ್ (ಉಜ್ಜಿ ಒಳಮೈ ಮುಗಿಸುವುದು) ಬೇಡುವ ಸೆಮಿ ಫಿನಿಶ್ಡ್ ಎಂದು ಎರಡು ಬಗೆ ಸಿಗುತ್ತವೆ. ಹಳೆಯ ಬ್ಲಾಕಿನ ತೂತು ಕರಾರುವಾಕ್ಕಾಗಿ ದುಂಡಗಿರುವುದಿಲ್ಲವಾದ್ದರಿಂದ, ತೆಳ್ಳನೆಯ ಫಿನಿಶ್ಡ್ ಲೈನರ್ ಒತ್ತಿದಾಗ ಅದೇ ಡೊಂಕನ್ನು ತಾನೂ ಪಡೆಯುತ್ತದೆ. ಬೋರಿಂಗ್ ಖರ್ಚು ಸೇರಿದರೂ ಚಿಂತೆಯಿಲ್ಲವೆಂದು ನಾನು ಸೆಮಿ ಫಿನಿಶ್ಡ್ ಆರಿಸಿದೆ. ಬೋರಿಂಗ್ ಅಂಗಡಿಗೆ ಬ್ಲಾಕಿನ ಜೊತೆ ಹೊಸ ಪಿಸ್ಟನ್‌ಗಳನ್ನೂ ಕೊಟ್ಟು, ಯಾವ ಪಿಸ್ಟನ್ ಯಾವ ಸಿಲಿಂಡರಿಗೆ ಎಂದು ಗುರುತು ಹಾಕಿಸಿದೆ. ಪಿಸ್ಟನ್ ಕೈಯಲ್ಲಿಲ್ಲದೆ ಬರೀ ಪುಸ್ತಕದ ಅಳತೆಗೆ ಬೋರ್ ಮಾಡಿಸುವುದು ನನಗೆ ಒಪ್ಪಿಗೆಯಿಲ್ಲ.

ಪಿಸ್ಟನ್ ಕೊಳ್ಳುವಾಗ ಹಳೆಯದೊಂದನ್ನು ಚೀಲದಲ್ಲಿಟ್ಟುಕೊಂಡು ಹೋಗಿದ್ದೆ. ತಲೆಯ ಮೇಲಿನ ಗುಂಡಿಯ ಆಕಾರ, ಗಜನ್ ಪಿನ್ನಿನ ದಪ್ಪ, ಪಿನ್ನಿನ ನಡುವಿನಿಂದ ತಲೆಯವರೆಗಿನ ಎತ್ತರ, ರಿಂಗ್‌ಗಳ ಸಂಖ್ಯೆ ಇವನ್ನು ಕೌಂಟರಿನ ಮೇಲೆಯೇ ವರ್ನಿಯರ್ ಹಿಡಿದು ಹೋಲಿಸಿದೆ. ವ್ಯಾಪಾರಿ ಸ್ವಲ್ಪ ಮುಖ ಸಿಂಡರಿಸಿದನಾದರೂ ತಡೆಯಲಿಲ್ಲ. ಆ ಎತ್ತರ ಹೆಚ್ಚಿದ್ದರೆ ಪಿಸ್ಟನ್ ಹೆಡ್ಡಿಗೆ ಬಡಿಯಬಹುದು, ಕಡಿಮೆಯಿದ್ದರೆ ಕಂಪ್ರೆಷನ್ ಸಾಲದೆ ಮತ್ತೆ ಅದೇ ಬೆಳಗಿನ ಗೋಳು. ಮೂರೂ ಪಿಸ್ಟನ್‌ಗಳನ್ನು ತಕ್ಕಡಿಗೆ ಹಾಕಿ ತೂಕವನ್ನೂ ನೋಡಿದೆ. ಬೋರಿಂಗ್ ಆದ ಮೇಲೆ ಪ್ರತಿ ರಿಂಗನ್ನು ಅದರದೇ ಲೈನರಿನಲ್ಲಿ ನೇರವಾಗಿ ಕೂರಿಸಿ ಬಾಯಿಯ ಸಂದನ್ನು, ಅಂದರೆ ರಿಂಗಿನ ಎರಡು ತುದಿಗಳ ನಡುವಿನ ಅಂತರವನ್ನು, ಫೀಲರ್ ಗೇಜಿನಿಂದ ಅಳೆದೆ. ಬೋರಿನ ಪ್ರತಿ ಇಂಚಿಗೆ ಮೂರರಿಂದ ನಾಲ್ಕು ಸಾವಿರಾಂಶವೆಂಬ ಸಾಮಾನ್ಯ ಲೆಕ್ಕದಲ್ಲಿ ನಮಗೆ ಸುಮಾರು 0.27ರಿಂದ 0.37 ಮಿ.ಮೀ. ಸಂದು ಬೇಕಿತ್ತು.

ತಯಾರಕರ ವಿಷಯದಲ್ಲಿ ನಾನು ಡಬ್ಬಿಗಿಂತ ಬಿಡಿ ಸಾಮಾನನ್ನೇ ನಂಬಿದೆ. ಮ್ಯಾಸಿ ಟ್ರ್ಯಾಕ್ಟರ್ ಮಾಡುವ ಟಾಫೆ, ಇಂಜಿನ್ ಮಾಡುವ ಸಿಂಪ್ಸನ್, ಪಿಸ್ಟನ್ ಮಾಡುವ ಇಂಡಿಯಾ ಪಿಸ್ಟನ್ಸ್, ಬೇರಿಂಗ್ ಮಾಡುವ ಬೈಮೆಟಲ್ ಬೇರಿಂಗ್ಸ್ ಇವೆಲ್ಲ ಚೆನ್ನೈನ ಅಮಾಲ್ಗಮೇಷನ್ಸ್ ಸಮೂಹದಲ್ಲಿ ಬೆಳೆದವು. ಹೀಗಾಗಿ ಈ ಇಂಜಿನ್‌ಗೆ ಹೆಸರಿರುವ ಕಂಪನಿಯ ಪಿಸ್ಟನ್, ಬೇರಿಂಗ್ ಹುಡುಕುವುದು ಕಷ್ಟವಲ್ಲ. ನಕಲಿ ಡಬ್ಬಿಯನ್ನು ತಪ್ಪಿಸುವುದೇ ಕಷ್ಟ. ಸಾಮಾನಿನ ಮೇಲೆ ಕೊರೆದ ಗುರುತು ಮತ್ತು ಡಬ್ಬಿಯ ಮೇಲಿನ ಪಾರ್ಟ್ ನಂಬರ್ ತಾಳೆಯಾಗದಿದ್ದರೆ ಮುಟ್ಟಬಾರದು.

ಯಾವ ಡಬ್ಬಿಯಲ್ಲೂ ಕಾಣದೆ ಪ್ರತ್ಯೇಕವಾಗಿ ತಂದ ಸಾಮಾನುಗಳೂ ಇದ್ದವು: ಕ್ರ್ಯಾಂಕಿನ ಥ್ರಸ್ಟ್ ವಾಷರ್, ಕನೆಕ್ಟಿಂಗ್ ರಾಡಿನ ಮೇಲ್ತುದಿಯ ಬುಷ್, ಹಿಂಬದಿಯ ಸೀಲ್. ಹಳೆಯ ಪರ್ಕಿನ್ಸ್ ವಿನ್ಯಾಸದಲ್ಲಿ ಹಿಂಬದಿಯಲ್ಲಿರುವುದು ಹಗ್ಗದಂಥ ರೋಪ್ ಸೀಲ್. ಗ್ಯಾಸ್ಕೆಟ್ ಸೆಟ್ಟಿನಲ್ಲಿ ರಬ್ಬರಿನ ಲಿಪ್ ಸೀಲ್ ಬಂದಿದ್ದರೆ ಆ ಸೆಟ್ ನಮ್ಮ ಇಂಜಿನ್ನಿನದಲ್ಲ.

ಇಷ್ಟೆಲ್ಲ ಆದರೂ ಲೈನರಿನ ಮೇಲ್ಭಾಗದ ಸವೆತಕ್ಕೆ ಮೂಲ ಹುಡುಕದಿದ್ದರೆ ಹೊಸ ಲೈನರಿನ ಗತಿಯೂ ಅದೇ. ಆಯಿಲ್ ಬಾತ್ ಏರ್ ಕ್ಲೀನರಿನಿಂದ ಮ್ಯಾನಿಫೋಲ್ಡಿಗೆ ಹೋಗುವ ರಬ್ಬರ್ ಪೈಪು ಕ್ಲಿಪ್ಪಿನ ಅಡಿಯಲ್ಲಿ ಸೀಳಿತ್ತು, ಒಳಗೆ ಬೆರಳಾಡಿಸಿದರೆ ಮಣ್ಣಿನ ಪುಡಿ ಅಂಟುತ್ತಿತ್ತು. ಪೈಪು ಮತ್ತು ಕ್ಲಿಪ್ ಎರಡನ್ನೂ ಬದಲಿಸಿ, ಬಟ್ಟಲನ್ನು ತೊಳೆದು ಗೆರೆಯವರೆಗೆ ಆಯಿಲ್ ತುಂಬಿದ ಮೇಲೆಯೇ ಇಂಜಿನ್ ಸ್ಟಾರ್ಟ್ ಮಾಡಿಸಿದೆ. ಹೊಸ ರಿಂಗ್ ಕೂರಲು ಭಾರ ಬೇಕಾದ್ದರಿಂದ ಗಂಟೆಗಟ್ಟಲೆ ಖಾಲಿ ಓಡಿಸದೆ ಮೊದಲು ಹಗುರ ಕುಂಟೆ ಕಟ್ಟಿಸಿ, ಹೆಡ್ ಬೋಲ್ಟ್ ಮತ್ತೊಮ್ಮೆ ಬಿಗಿದು ವಾಲ್ವ್ ಸಂದು ಸರಿಪಡಿಸಿ, 50 ಗಂಟೆಗೆ ಆಯಿಲ್ ಮತ್ತು ಫಿಲ್ಟರ್ ಬದಲಿಸಿದೆವು. ಕಬ್ಬಿನ ಟ್ರಾಲಿ ಹೂಡಿದ್ದು ಅದಾದ ಬಳಿಕ.