ಎಡಕ್ಕೆ ವಾಲುವ ವಿಮಾನ: ಟಾರ್ಕ್ ತೂಗಿ ತಿದ್ದುವ ನನ್ನ ಕ್ರಮ

ಥ್ರಾಟಲ್ ಕೊಟ್ಟ ಕೂಡಲೇ ಮಾಡೆಲ್ ವಿಮಾನ ಎಡಕ್ಕೆ ವಾಲಿದರೆ ಹೆಚ್ಚಿನವರ ಕೈ ಹೋಗುವುದು ಏಲರಾನ್ ಟ್ರಿಮ್‌ಗೆ, ಅಂದರೆ ರೆಕ್ಕೆಯಂಚಿನ ಪಟ್ಟಿಗಳನ್ನು ಸ್ವಲ್ಪ ವಾಲಿಸಿಯೇ ಇಡುವ ಹೊಂದಾಣಿಕೆಗೆ. ಟ್ರಿಮ್ ಸರಿಹೋಗುವುದು ಒಂದು ಥ್ರಾಟಲ್‌ಗೆ, ಒಂದು ವೇಗಕ್ಕೆ ಮಾತ್ರ. ಥ್ರಾಟಲ್ ಇಳಿಸಿದರೆ ಅದೇ ಟ್ರಿಮ್ ವಿಮಾನವನ್ನು ಬಲಕ್ಕೆ ಕೆಡವುತ್ತದೆ. ಶಿವಮೊಗ್ಗದ ಸುತ್ತ ಕೊಯ್ಲಾದ ಗದ್ದೆಗಳಲ್ಲಿ ಹಾರಿಸುವ ವಿಮಾನಗಳಿಗೆ ನಾನು ಮೊದಲು ಟಾರ್ಕ್ (ಪ್ರೊಪೆಲರ್ ತಿರುಗುವಾಗ ಮೋಟಾರಿನ ಮೈಗೆ ಉಲ್ಟಾ ದಿಕ್ಕಿಗೆ ಬೀಳುವ ತಿರುಚು ಬಲ) ತೂಗುತ್ತೇನೆ. (ಸೋಗಾನೆ ವಿಮಾನ ನಿಲ್ದಾಣದ ಹತ್ತಿರ ಬೇಡ, ಎಲ್ಲಿ ಹಾರಿಸಬಹುದೆಂದು ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆ ನೋಡಿಕೊಂಡೇ ಗದ್ದೆ ಆರಿಸಿ.)

ತೂಗುವ ಸ್ಟ್ಯಾಂಡಿಗೆ ಬೇಕಾದದ್ದು 40 ಸೆಂ.ಮೀ. ಉದ್ದದ 8 ಮಿ.ಮೀ. ಉಕ್ಕಿನ ಸರಳು, ಅದು ಸಲೀಸಾಗಿ ತಿರುಗಲು ಎರಡು 608 ಬೇರಿಂಗ್, 1 ಗ್ರಾಂ ತೋರಿಸುವ ಅಡುಗೆಮನೆ ತಕ್ಕಡಿ. ಸರಳಿನ ಮುಂದಿನ ತುದಿಗೆ ಮೋಟಾರು, ಹಿಂದಿನ ತುದಿಗೆ ಅಡ್ಡ ತೋಳು. ತೋಳಿಗೆ ಒಣಗಿದ ಅಡಿಕೆ ದಬ್ಬೆಯ ತುಂಡೇ ಸಾಕು. ತೋಳಿನ ಮೇಲೆ, ಸರಳಿನ ಅಕ್ಷದಿಂದ ಸರಿಯಾಗಿ 10 ಸೆಂ.ಮೀ. ದೂರಕ್ಕೆ ಒಂದು ಸ್ಕ್ರೂ ಇಳಿಸಿ, ಅದರ ತುದಿ ತಕ್ಕಡಿ ಮೇಲೆ ಕೂರಲಿ. ಪ್ರೊಪೆಲರ್ ಸರಳನ್ನು ಮುಂದಕ್ಕೆ ಎಳೆಯುತ್ತದೆ, ಆದ್ದರಿಂದ ಹಿಂದಿನ ಬೇರಿಂಗ್‌ನ ಹಿಂಬದಿಗೆ ಸರಳು ಜಾರದಂತೆ ತಡೆಯುವ ಕಾಲರ್ ಬಳೆ ಬೇಕೇ ಬೇಕು. ಹಿಂದಿನಿಂದ ನೋಡಿದಾಗ ಪ್ರೊಪೆಲರ್ ಗಡಿಯಾರದ ದಿಕ್ಕಿಗೆ ತಿರುಗಿದರೆ ಮೋಟಾರಿನ ಮೈ ಎಡಕ್ಕೆ ಒತ್ತುತ್ತದೆ, ತೋಳು ಎಡಗಡೆಗಿರಬೇಕು. ಬಲಕ್ಕೆ ಇಟ್ಟರೆ ಮೇಲೆದ್ದು ತಕ್ಕಡಿ ಏನನ್ನೂ ತೋರಿಸುವುದಿಲ್ಲ.

ಅಳತೆ ಕೆಡುವುದು ಎರಡು ಕಡೆ. ಬಿರುಸಾದ ವೈರು ತಾನೇ ಒಂದಿಷ್ಟು ಟಾರ್ಕ್ ಹೊರುತ್ತದೆ, ಸಿಲಿಕೋನ್ ವೈರನ್ನು ಸಡಿಲವಾಗಿ ಇಳಿಬಿಡಿ. ಪ್ರೊಪೆಲರ್ ಗಾಳಿ ತೋಳಿಗೆ, ತಕ್ಕಡಿಗೆ ಬಡಿದರೂ ತಕ್ಕಡಿಯ ಅಂಕಿ ಕುಣಿಯುತ್ತದೆ. ನಡುವೆ ಮೇಜಿಗೇ ಕಚ್ಚಿದ ಹಲಗೆ ನಿಲ್ಲಿಸಿ.

10×5 ಪ್ರೊಪೆಲರ್ (10 ಇಂಚು ವ್ಯಾಸ, 5 ಇಂಚು ಪಿಚ್) 8000 ಆರ್‌ಪಿಎಂನಲ್ಲಿ ಶಾಫ್ಟಿನಿಂದ 110 ವ್ಯಾಟ್ ತೆಗೆದುಕೊಂಡರೆ ಟಾರ್ಕ್ 0.13 ನ್ಯೂಟನ್ ಮೀಟರ್. ತಕ್ಕಡಿಯಲ್ಲಿ ಸುಮಾರು 134 ಗ್ರಾಂ. 120 ಸೆಂ.ಮೀ. ರೆಕ್ಕೆಯ ಎಡತುದಿಗೆ 22 ಗ್ರಾಂ ಕಟ್ಟಿದ ಹಾಗೆ. ಶಿವಮೊಗ್ಗ ಸುಮಾರು 570 ಮೀಟರ್ ಎತ್ತರದಲ್ಲಿದೆ. 30 ಡಿಗ್ರಿ ಸೆಖೆಗೆ ಇಲ್ಲಿನ ಗಾಳಿ ಸಮುದ್ರಮಟ್ಟದ ಪ್ರಮಾಣಿತ ಲೆಕ್ಕಕ್ಕಿಂತ ಶೇ. 11ರಷ್ಟು ತೆಳು. ಅದೇ ಆರ್‌ಪಿಎಂಗೆ ಟಾರ್ಕೂ ಥ್ರಸ್ಟೂ (ಮುಂದಕ್ಕೆಳೆಯುವ ಬಲ) ಅಷ್ಟೇ ಕಡಿಮೆ.

22 ಗ್ರಾಂ ದೊಡ್ಡದಲ್ಲ. ಅದರಲ್ಲೂ ಸುತ್ತುತ್ತ ಹಿಂದೆ ಬರುವ ಗಾಳಿ ರೆಕ್ಕೆಗೆ ಬಡಿದು ಒಂದು ಪಾಲನ್ನು ಹಿಂದಿರುಗಿಸುತ್ತದೆ. ಆದರೆ ಅದೇ ಗಾಳಿ ಬಾಲದ ನೆಟ್ಟಗಿನ ರೆಕ್ಕೆಯ ಎಡ ಮುಖಕ್ಕೆ ಹೊಡೆದು ಮೂತಿಯನ್ನು ಎಡಕ್ಕೆ ತಿರುಗಿಸುತ್ತದೆ. ಮೂತಿ ಎತ್ತಿ ನಿಧಾನಕ್ಕೆ ಹಾರುವಾಗ ಬಲಗಡೆ ಕೆಳಗಿಳಿಯುವ ಅಲಗು ಹೆಚ್ಚು ಎಳೆಯುವುದರಿಂದ ಇನ್ನೊಂದಿಷ್ಟು ಎಡಕ್ಕೆ. ಬಾಲಚಕ್ರದ ವಿಮಾನದಲ್ಲಿ ಬಾಲ ಎದ್ದ ಕ್ಷಣ ಗೈರೋ ಪರಿಣಾಮವೂ (ತಿರುಗುವ ಪ್ರೊಪೆಲರನ್ನು ಬಾಗಿಸಿದಾಗ ಅದು ಅಡ್ಡಕ್ಕೆ ತಳ್ಳುವುದು) ಎಡಕ್ಕೇ. ಬಾಲ ನಿಧಾನಕ್ಕೆ ಏಳಲಿ. ಟಾರ್ಕ್ ಅಂತ ಬೈಸಿಕೊಳ್ಳುವುದರಲ್ಲಿ ಅರ್ಧ ಇವುಗಳದ್ದು.

ಇವೆಲ್ಲಕ್ಕೂ ನನ್ನ ಮದ್ದು 2 ಡಿಗ್ರಿ ಬಲ ಥ್ರಸ್ಟ್, ಅಂದರೆ ಮೋಟಾರನ್ನು ಅಷ್ಟು ಬಲಕ್ಕೆ ಓರೆಯಾಗಿ ಕೂರಿಸುವುದು. ಮೋಟಾರಿನ ಸ್ಕ್ರೂಗಳ ನಡುವೆ ಅಡ್ಡಕ್ಕೆ 30 ಮಿ.ಮೀ. ಇದ್ದರೆ ಎಡಗಡೆ ಸ್ಕ್ರೂಗಳಿಗೆ ಮೌಂಟಿನ ಹಿಂದೆ 0.5 ಮಿ.ಮೀ. ದಪ್ಪದ ಎಂ3 ವಾಷರ್ ಎರಡೆರಡು. ಫೈರ್‌ವಾಲಿನಿಂದ (ಮೋಟಾರು ಕೂರುವ ಮೂತಿಯ ಹಲಗೆ) ಪ್ರೊಪೆಲರಿಗೆ 50 ಮಿ.ಮೀ. ಇದ್ದರೆ ಸ್ಪಿನ್ನರ್ (ಪ್ರೊಪೆಲರ್ ನಡುವಿನ ಟೋಪಿ) 1.7 ಮಿ.ಮೀ. ಬಲಕ್ಕೆ ಸರಿಯುತ್ತದೆ, ಮೌಂಟನ್ನು ಅಷ್ಟೇ ಎಡಕ್ಕೆ ಕೂರಿಸಿ. ಥ್ರಾಟಲ್ ಏರಿದಂತೆ ತಿದ್ದುಪಡಿಯೂ ಏರುತ್ತದೆ, ಟ್ರಿಮ್‌ಗೆ ಆಗದ ಕೆಲಸ ಅದು.

ಇಎಸ್‌ಸಿಯಲ್ಲಿ (ಮೋಟಾರಿನ ವೇಗ ನಿಯಂತ್ರಕ) ಬ್ರೇಕ್ ಬೇಡ. ಓಡುವಾಗ ಪ್ರತಿಬಲ ಪ್ರೊಪೆಲರ್ ನಟ್ಟನ್ನು ಬಿಗಿಮಾಡುತ್ತದೆ, ಬ್ರೇಕ್ ಹಾಕಿದರೆ ಸಡಿಲಿಸುತ್ತದೆ.

ಸೋಗಾನೆಗೆ ಬಂದುಹೋಗುವ ಎಟಿಆರ್ 72-600 ಪ್ರಯಾಣಿಕ ವಿಮಾನಕ್ಕೂ ಇದೇ ಲೆಕ್ಕ. 2475 ಅಶ್ವಶಕ್ತಿ, 1200 ಆರ್‌ಪಿಎಂ ಎಂದರೆ ಒಂದೊಂದು ಪ್ರೊಪೆಲರಿಗೂ ಸುಮಾರು 14,700 ನ್ಯೂಟನ್ ಮೀಟರ್. ಪೈಲಟ್‌ಗಳು ಎಂಜಿನ್ ಶಕ್ತಿಯನ್ನು ಓದುವುದೇ ಟಾರ್ಕ್ ಶೇಕಡಾದಲ್ಲಿ.

ಮಲೆನಾಡಿನ ಮಳೆಗಾಲ ಕಳೆದ ಮೇಲೆ ವಾಷರ್ ಲೆಕ್ಕ ಮತ್ತೆ ನೋಡಲೇಬೇಕು. ಪ್ಲೈವುಡ್ ಫೈರ್‌ವಾಲ್ ತೇವ ಕುಡಿದು ಊದಿದರೆ 2 ಡಿಗ್ರಿ ಉಳಿಯುವುದಿಲ್ಲ. ಅಂಚಿಗೆ ತೆಳ್ಳಗೆ ಎಪಾಕ್ಸಿ ಬಳಿದಿಟ್ಟರೆ ಊದುವುದು ಕಡಿಮೆ.